ಗಾಳೆಪ್ಪ ಮೇಸ್ತ್ರಿ ದಿಬ್ಬ ಇಳಿದದ್ದು

ಗಾಳೆಪ್ಪನನ್ನು ಮೇಸ್ತ್ರಿ ಮಾಡಿದ್ದು ಅವನ ಗಂಟಲು. ಕೆಲಸ ಅವನಿಗಿಂತ ಚೆನ್ನಾಗಿ ಬಲ್ಲವರು ಇದ್ದರು, ವಯಸ್ಸಿನಲ್ಲಿ ಹಿರಿಯರೂ ಇದ್ದರು. ಆದರೆ ರಜಾಕಾರರ ಗದ್ದಲ ಅಡಗಿ, ಜನ ನಿಧಾನಕ್ಕೆ ಉಸಿರು ಬಿಡಲು ಕಲಿತ ಮೇಲೆ, ತುಂಗಭದ್ರೆಯ ಕಾಲುವೆಯ ಅಗೆತ ಸಿಂಧನೂರು ಸೀಮೆಗೆ ಬಂತಲ್ಲ, ಆಗ ಗುತ್ತೇದಾರ ಏರಿಯ ಮೇಲೆ ನಿಂತು, "ಈ ತುದಿಯಿಂದ ಆ ತುದಿಗೆ ಕೂಗು ಮುಟ್ಟಸೋ ಗಂಡಸು ಯಾರದೀರಿ?" ಎಂದು ಕೇಳಿದ. ಗಾಳೆಪ್ಪ ಉತ್ತರ ಕೊಡಲಿಲ್ಲ. ಸರಿಯಾಗಿ ಅದೇ ಗಳಿಗೆಗೆ ಪಕ್ಕದವನು ಅವನ ಕಾಲಿನ ಮೇಲೆ ಸಲಿಕೆ ಹಾಕಿದ್ದ. ಗಾಳೆಪ್ಪ ಬಾಯಿ ಬಿಟ್ಟ. ಆ ತುದಿಯಲ್ಲಿ ಮೇಯುತ್ತಿದ್ದ ಎತ್ತು ಹಗ್ಗ ಹರಿದುಕೊಂಡು ಓಡಿತು. ಗುತ್ತೇದಾರ, "ಇಂವ ಸಾಕು" ಎಂದ.

ಮಸ್ಕಿಯ ಹತ್ತಿರದ ಒಂದು ಕೇರಿ ಅವನದು. ಅಪ್ಪನ ಕಾಲಕ್ಕೇ ಮನೆಯವರು ಯೇಸುಸ್ವಾಮಿಯ ಸಭೆಗೆ ಸೇರಿದ್ದರು. ಹೆಸರುಗಳು ಮಾತ್ರ ಹಳೆಯವೇ ಉಳಿದವು. ಮಿಶನ್ ಶಾಲೆಯ ಬೇವಿನ ಮರದ ಕೆಳಗೆ ಮೂರು ವರ್ಷ ಕೂತು ಅಕ್ಷರ ಕಲಿತ. ನಾಲ್ಕನೆಯ ವರ್ಷ ಮಾಸ್ತರನ ಜೊತೆ ಜಗಳವಾಡಿ ಎದ್ದು ಬಂದ. ತಪ್ಪು ಯಾರದು ಎಂದು ಯಾವಾಗ ಕೇಳಿದರೂ ಮಾಸ್ತರನದೇ ಎನ್ನುತ್ತಿದ್ದ. ಸಿಟ್ಟಿನವನು ಎಂದು ಊರೆಲ್ಲ ಅಂದರೆ ಅದಕ್ಕೂ ಸಿಟ್ಟು ಮಾಡಿಕೊಳ್ಳುತ್ತಿದ್ದ. ಸಿಟ್ಟಲ್ಲ ಅದು, ನೇರ ಮಾತು ಎಂಬುದು ಅವನ ವಾದ. ಆ ವಾದವನ್ನೂ ಅವನು ಕೂಗಿಯೇ ಹೇಳುತ್ತಿದ್ದ.

ವಳಕಮದಿನ್ನಿಯ ಹೊರಗೆ, ಕರಿಮಣ್ಣಿನ ಬಯಲಿನಲ್ಲಿ, ಅವನ ಗುಂಪು ಗುಡಿಸಲು ಹಾಕಿಕೊಂಡಿತ್ತು. ಅಗೆಯುವವರು, ಬುಟ್ಟಿ ಹೊರುವವರು ಸೇರಿ ಅರವತ್ತೆಪ್ಪತ್ತು ಮಂದಿ. ಕಾಲುವೆ ಅಗೆಯುವಾಗ ನಡುನಡುವೆ ಒಂದಿಷ್ಟು ಮಣ್ಣನ್ನು ಮುಟ್ಟದೆ ಹಾಗೇ ಬಿಡಬೇಕು. ಸುತ್ತಲೂ ನೆಲ ಕೆಳಗಿಳಿದ ಹಾಗೆ ಆ ಮಣ್ಣು ಕಂಬದಂತೆ ಮೇಲೆ ಉಳಿಯುತ್ತದೆ. ಮೊದಲು ನೆಲ ಎಲ್ಲಿಯವರೆಗೆ ಇತ್ತು, ಎಷ್ಟು ಅಗೆದಿರಿ ಎಂದು ಓವರ್‌ಸೀಯರ್ ಬಂದು ಅಳೆಯುವುದು ಅದನ್ನು ನೋಡಿಯೇ. ಅದಕ್ಕೆ ಸಾಕ್ಷಿ ದಿಬ್ಬ ಎನ್ನುತ್ತಿದ್ದರು. ಅಳತೆ ಆಗುವ ತನಕ ಅದರ ಮೈಗೆ ಗುದ್ದಲಿ ತಾಗಿಸಬಾರದು. ಬೇರೆ ಮೇಸ್ತ್ರಿಗಳು ಅದರ ಸುತ್ತ ಮುಳ್ಳು ಹಾಕಿಸುತ್ತಿದ್ದರು. ಗಾಳೆಪ್ಪ ಅದರ ಮೇಲೆ ಹತ್ತಿ ನಿಲ್ಲುತ್ತಿದ್ದ.

ಬೆಳಿಗ್ಗೆ ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಇಳಿಯುವುದು. ಅಲ್ಲಿಂದ ಎಲ್ಲ ಕಾಣುತ್ತಿತ್ತು, ಎಲ್ಲರಿಗೂ ಅವನು ಕಾಣುತ್ತಿದ್ದ. ಯಾವ ಬುಟ್ಟಿ ಎಲ್ಲಿ ಸುರಿಯಬೇಕು, ನೀರಿನ ಕೊಡ ಇವತ್ತು ಯಾರು ತರಬೇಕು, ಯಾರ ಮೇಕೆ ಯಾರ ರೊಟ್ಟಿ ಗಂಟಿಗೆ ಬಾಯಿ ಹಾಕಿತು, ಎಲ್ಲವೂ ಅವನ ಪಾದದ ಬುಡಕ್ಕೇ ಬರಬೇಕು. ಬರದಿದ್ದರೆ ಬೈಗುಳ, ಬಂದರೂ ಬೈಗುಳ. ತನ್ನ ಮಾತಿಗೆ ಒತ್ತು ಕೊಡಬೇಕಾದಾಗಲೆಲ್ಲ ದಿಬ್ಬವನ್ನು ಕಾಲಿನಿಂದ ದಬದಬ ಒದೆಯುವುದು ಅವನ ರೂಢಿ.

"ನಾ ಒಂದು ದಿನ ಮಲಗಿದ್ರ ಈ ಕಾಲವಿ ತುಂಗಭದ್ರಿಗಿ ವಾಪಸ್ ಹೋಗ್ತೈತಿ" ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ.

ಆದರೆ ಆ ಬೇಸಿಗೆಯಲ್ಲಿ ಅವನ ನಿದ್ದೆ ಕೆಡಿಸುವ ಸುದ್ದಿಯೊಂದು ಹರಿದಾಡುತ್ತಿತ್ತು. ಆ ಕಾಲುವೆಯ ಗುಂಪುಗಳಲ್ಲಿ ಒಂದು ಪದ್ಧತಿ ಬೆಳೆದಿತ್ತು. ಮೇಸ್ತ್ರಿ ಸಾಕು ಎನಿಸಿದವರು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಅಮಾವಾಸ್ಯೆ ದಿನ ಕೆಲಸಕ್ಕೆ ಬಿಡುವು. ಆ ಬೆಳಿಗ್ಗೆ ತಮ್ಮ ಬುಟ್ಟಿಯನ್ನು ಮೇಸ್ತ್ರಿಯ ಗುಡಿಸಲ ಮುಂದೆ ಬೋರಲು ಹಾಕಿ ನಡೆದುಬಿಡುತ್ತಿದ್ದರು. ಅವನು ಕರೆಯುವಂತಿಲ್ಲ, ಇವರು ತಿರುಗಿ ನೋಡುವಂತಿಲ್ಲ. ಪಕ್ಕದ ಗುಂಪಿನ ಮೇಸ್ತ್ರಿಯ ಬಾಗಿಲಿಗೆ ಹೀಗೇ ಒಂದು ಅಮಾವಾಸ್ಯೆ ಬುಟ್ಟಿಗಳ ಸಾಲು ಬಿದ್ದಿತ್ತು. ಅಷ್ಟು ದೊಡ್ಡ ಮೀಸೆಯ ಮನುಷ್ಯ ಈಗ ತುರ್ವಿಹಾಳದ ಕಡೆ ಯಾರದೋ ಕೈಕೆಳಗೆ ಮಣ್ಣು ಹೊರುತ್ತಿದ್ದಾನೆ ಎಂದು ಜನ ಹೇಳುತ್ತಿದ್ದರು. ಈಗ ಗಾಳೆಪ್ಪನ ಗುಂಪಿನ ಗಟ್ಟಿ ಅಗೆತಗಾರ ಶಾವಲಿ, ಬರುವ ಅಮಾವಾಸ್ಯೆಗೆ ಲಿಂಗಸುಗೂರು ಹಾದು ಹಟ್ಟಿಗೆ ಹೋಗುತ್ತಾನಂತೆ, ಚಿನ್ನದ ಗಣಿಯಲ್ಲಿ ಕೆಲಸವಂತೆ, ಕಂಪನಿಯವರೇ ಮನೆ ಕೊಡುತ್ತಾರಂತೆ, ಅರ್ಧ ಗುಂಪು ಅವನ ಹಿಂದೆ ಹೊರಟಿದೆಯಂತೆ. ಈ ಅಂತೆಗಳನ್ನೆಲ್ಲ ಗಾಳೆಪ್ಪನಿಗೆ ಮುಟ್ಟಿಸಿದವಳು ಬುಟ್ಟಿ ಹೊರುವ ಸರ್ದಾರಬಿ. ಗಂಡ ಸತ್ತ ಮೇಲೆ ಯಾರಿಗೂ ಹೆದರದವಳು.

"ನೀನೂ ಹೊಂಟೀ ಏನು?" ಎಂದು ಕೇಳಿದ ಗಾಳೆಪ್ಪ.

"ನಾ ಇನ್ನಾ ವಿಚಾರ ಮಾಡಾಕತ್ತೀನಿ" ಎಂದಳು ಅವಳು.

ಅಮಾವಾಸ್ಯೆಗೆ ಒಂದು ವಾರವಿರುವಾಗ ಗಾಳೆಪ್ಪನ ಮಾವ ಬಂದ. ಹೆಸರು ದುರುಗಪ್ಪ. ತುರ್ವಿಹಾಳದ ಕಡೆಯ ಹಳ್ಳಿಯೊಂದರಲ್ಲಿ ದುರುಗಮ್ಮನ ಪೂಜಾರಿ. ಗಾಳೆಪ್ಪನ ತಾಯಿಯ ತಮ್ಮನೂ ಅವನೇ. ಅಕ್ಕನ ಮನೆ ಸಭೆಗೆ ಸೇರಿದರೂ ಮಗಳನ್ನು ಬೇರೆಯವರಿಗೆ ಕೊಡಲು ಒಪ್ಪಿರಲಿಲ್ಲ. ಆ ಮಗಳು, ಗಾಳೆಪ್ಪನ ಹೆಂಡತಿ ಅಮರಮ್ಮ, ಎರಡನೆಯ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಅವಳನ್ನು, ಇಬ್ಬರು ಗಂಡುಮಕ್ಕಳನ್ನು ಬಂಡಿಯಲ್ಲಿ ಕೂರಿಸಿಕೊಂಡು, ಕಂಕುಳಲ್ಲಿ ಒಂದು ಕೋಳಿಯನ್ನೂ ಹಿಡಿದುಕೊಂಡು ದುರುಗಪ್ಪ ಇಳಿದ. ಹಣೆಯ ಮೇಲೆ ರೂಪಾಯಿಯಗಲ ಅರಿಸಿನದ ಭಂಡಾರ, ಬಾಯಲ್ಲಿ ತಂಬಾಕು.

ಮರುದಿನ ಅವನು ಜಾಲಿಯ ನೆರಳಿನಲ್ಲಿ ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತು, ಅಳಿಯನ ದರ್ಬಾರು ನೋಡಿದ. ಬೆಳಿಗ್ಗೆ ನೋಡಿದ, ರೊಟ್ಟಿ ತಿಂದು ನೋಡಿದ, ಒಂದು ಸಣ್ಣ ನಿದ್ದೆ ಮಾಡಿ ಎದ್ದು ಮತ್ತೆ ನೋಡಿದ. ಅಷ್ಟು ಹೊತ್ತೂ ಜನ ಸಾಲು ಹಚ್ಚಿ ದಿಬ್ಬದ ಕೆಳಗೆ ನಿಂತೇ ಇದ್ದರು. ಒಬ್ಬ ಸಲಿಕೆಯ ಕಾವು ಮುರಿಯಿತೆಂದು, ಒಬ್ಬಳು ಪಕ್ಕದವಳು ತನ್ನ ತಲೆಯ ಸಿಂಬಿ ಕದ್ದಳೆಂದು. ಇಬ್ಬರು ಮಾತ್ರ ಯಾಕೆ ಬಂದೆವೆಂಬುದು ಮರೆತು, ಸಾಲು ಬಿಡಲು ಮನಸ್ಸಿಲ್ಲದೆ ನಿಂತಿದ್ದರು. ಹೊತ್ತು ಇಳಿಯುವಾಗ ಗಾಳೆಪ್ಪನ ಗಂಟಲು ಹರಿದ ತಮಟೆಯಾಗಿತ್ತು.

ಮಂದಿಯ ಎದುರಿಗೆ ದುರುಗಪ್ಪ ಅಳಿಯನಿಗೆ ಮರ್ಯಾದೆ ಕೊಡುತ್ತಿದ್ದ. ಗುಡಿಸಲೊಳಗೆ ಹೋದ ಮೇಲೆ ಅದನ್ನು ಹೊರಗೆ ಬಿಡುತ್ತಿದ್ದ.

"ಗಾಳ್ಯಾ, ಇದೇನಲೇ ನೀ ಮಾಡಾಕತ್ತಿದ್ದು?"

"ಮೇಸ್ತ್ರಿಕಿ, ಮಾವ."

"ಹಿಂಗ ಮಾಡಿದ್ರ ನೀನೂ ಸಾಯ್ತಿ, ಆ ಮಂದೀನೂ ಸಾಯಿಸ್ತಿ. ಸಿಂಬಿ ಕದ್ದ ಪಂಚಾಯ್ತಿಗೆ ಒಂದು ಕಾಲವಿ ನಿಂದರಬೇಕೇನು? ಹತ್ತು ಮಂದಿಗೆ ಒಬ್ಬೊಬ್ಬರನ್ನ ಆರಿಸಿ ಇಡು. ದೇವರಿಗೆ ಅಂಜೋರು, ಸುಳ್ಳು ಹೇಳದವ್ರು. ಸಣ್ಣದು ಅವ್ರು ನೋಡ್ಲಿ, ದೊಡ್ಡದು ಇದ್ರ ನಿನ್ನ ಮುಂದ ತರ್ಲಿ."

ಗಾಳೆಪ್ಪನ ಕಿವಿ ಕೆಂಪಾದವು. "ನನಗ ಬುದ್ಧಿ ಹೇಳಾಕ ಬಂದೀರೇನು? ನೀವು ನಿಮ್ಮ ದುರುಗಮ್ಮನ ಗುಡಿ ನೋಡ್ಕೊಳ್ರಿ. ನಮ್ಮದು ಸತ್ಯವೇದ. ಅದರಾಗ ಇದ್ರ ಕೇಳ್ತೀನಿ. ಪೂಜಾರಿ ಮಾತು ಕೇಳಂಗಿಲ್ಲ!"

ಅವನು ಇದನ್ನು ಮೆಲ್ಲಗೆ ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಗಾಳೆಪ್ಪ ಮೆಲ್ಲಗೆ ಏನನ್ನೂ ಹೇಳಿದವನಲ್ಲ. ಎಲ್ಲ ಗುಡಿಸಲುಗಳಿಗೂ ಕೇಳಿಸಿತು.

ಅದು ಶನಿವಾರ. ಪ್ರತಿ ಶನಿವಾರ ಇಳಿಹೊತ್ತಿಗೆ ಮಸ್ಕಿಯಿಂದ ಉಪದೇಶಿ ದಾನಿಯೇಲಪ್ಪ ಸೈಕಲ್ ತುಳಿದುಕೊಂಡು ಬರುತ್ತಿದ್ದ. ಸಭೆಯವರಿಗೆ ವೇದ ಓದಿ, ಪ್ರಾರ್ಥನೆ ಮಾಡಿಸಿ, ಅಮರಮ್ಮ ಇದ್ದರೆ ಅವಳ ಕೈಯ ಪುಂಡಿಪಲ್ಯ ಉಂಡು ಹೋಗುವ ಸಣಕಲು, ಶಾಂತ ಮನುಷ್ಯ. ಸಭೆಗೆ ಸೇರದವರೂ ಸುತ್ತ ಕೂರುತ್ತಿದ್ದರು. ಕತೆ ಕೇಳುವುದಕ್ಕೆ ಜಾತಿ ಏನು! ಮೋಶೆಯ ಕತೆ ಕೆಲವು ವಾರಗಳಿಂದ ನಡೆದಿತ್ತು. ಅವನು ಐಗುಪ್ತದ ಜೀತದಿಂದ ತನ್ನ ಜನರನ್ನು ಬಿಡಿಸಿಕೊಂಡು ಹೊರಟದ್ದು, ಸಮುದ್ರ ಸೀಳಿದ್ದು ಎಲ್ಲ ಆಗಿ, ಜನ ಮರಳುಗಾಡಿನಲ್ಲಿ ಗುಡಾರ ಹಾಕಿಕೊಂಡಿದ್ದರು. ದಾನಿಯೇಲಪ್ಪ ಕಳೆದ ವಾರ ದಾರ ಇಟ್ಟಿದ್ದಲ್ಲಿ ಪುಸ್ತಕ ತೆರೆದು, ಕನ್ನಡಕ ಏರಿಸಿ, ಓದುತ್ತ ಅರ್ಥ ಹೇಳುತ್ತ ಹೋದ.

"ಆಗ ಮೋಶೆಯ ಮಾವ ಇತ್ರೋ ಎಂಬವನು, ಮೋಶೆಯ ಹೆಂಡತಿಯನ್ನೂ ಅವಳ ಇಬ್ಬರು ಗಂಡುಮಕ್ಕಳನ್ನೂ ಕರಕೊಂಡು, ಅಳಿಯನ ಗುಡಾರ ಇದ್ದಲ್ಲಿಗೆ ಬಂದನು."

ಎಲ್ಲರ ಕಣ್ಣು ದುರುಗಪ್ಪನ ಕಡೆ ಹೋದವು. ದುರುಗಪ್ಪ ತಂಬಾಕು ಜಗಿಯುವುದನ್ನು ನಿಲ್ಲಿಸಿದ.

"ಈ ಮಾವ ಮಿದ್ಯಾನ್ ಸೀಮೆಯವ" ಎಂದು ದಾನಿಯೇಲಪ್ಪ ಬಿಡಿಸಿ ಹೇಳಿದ. "ಅಲ್ಲಿ ಪೂಜಾರಿಕಿ ಮಾಡ್ತಿದ್ದ."

ಹೆಂಗಸರ ಕಡೆ ಯಾರೋ ಸೆರಗು ಬಾಯಿಗೆ ತುರುಕಿಕೊಂಡರು. ಗಾಳೆಪ್ಪನ ಕತ್ತಿನ ನರ ಮೇಲೆದ್ದಿತು.

"ಮರುದಿನ ಮೋಶೆ ನ್ಯಾಯ ಹೇಳಲು ಕೂತನು. ಬೆಳಿಗ್ಗೆಯಿಂದ ಸಂಜೆಯ ತನಕ ಜನ ಅವನ ಮುಂದೆ ನಿಂತಿದ್ದರು. ಅದನ್ನು ನೋಡಿ ಮಾವನು, ನೀನು ಮಾಡುತ್ತಿರುವುದು ಒಳ್ಳೆಯದಲ್ಲ, ನೀನೂ ಸೊರಗುತ್ತೀ, ನಿನ್ನ ಜನವೂ ಸೊರಗುತ್ತದೆ, ಒಬ್ಬನೇ ಇದನ್ನು ಹೊರಲಾರೆ..."

ಮುಂದಿನದು ಯಾರಿಗೂ ಕೇಳಿಸಲಿಲ್ಲ. ಸರ್ದಾರಬಿ ನೆಲಕ್ಕೆ ಕೈ ಬಡಿದು ನಗುತ್ತಿದ್ದಳು. ಶಾವಲಿ ಬೆನ್ನು ತಿರುಗಿಸಿ ಹೆಗಲು ಕುಣಿಸುತ್ತಿದ್ದ. ಅಮರಮ್ಮ ಕೂಸಿಗೆ ಹಾಲು ಕೊಡುವ ನೆಪದಲ್ಲಿ ಮುಖ ಮುಚ್ಚಿಕೊಂಡಿದ್ದಳು.

ಗಾಳೆಪ್ಪ ಎದ್ದು ನಿಂತ. "ಉಪದೇಶಿಗಳೇ! ನೀವೂ ಮಾವಾರೂ ಕೂಡಿ ಮಸಲತ್ತು ಮಾಡೀರಿ! ದಾರಿಯಾಗ ಎಲ್ಲಿ ಭೆಟ್ಟಿ ಆಗಿದ್ರಿ, ಹೇಳ್ರಿ!"

"ಅಪ್ಪಾ, ನಾ ಇವರ ಮಾರಿ ನೋಡಿದ್ದೇ ಈಗ" ಎಂದ ದಾನಿಯೇಲಪ್ಪ, ಏನಾಯಿತೆಂದು ತಿಳಿಯದೆ.

"ಕೊಡ್ರಿ ಇತ್ತ ಆ ಪುಸ್ತಕ!"

ಗಾಳೆಪ್ಪ ಬೆರಳಿಟ್ಟು ಅಕ್ಷರ ಅಕ್ಷರ ಕೂಡಿಸಿ ಓದತೊಡಗಿದ. ಮನಸ್ಸಿನಲ್ಲಿ ಓದಲು ಅವನಿಗೆ ಬರುತ್ತಿರಲಿಲ್ಲ, ಗಟ್ಟಿಯಾಗಿಯೇ ಓದಬೇಕು. ಹೀಗಾಗಿ ಅಡ್ಡಾಡುತ್ತಿದ್ದವರು, ಮೊದಲ ಸಲ ತಪ್ಪಿಸಿಕೊಂಡವರು, ಕಿವಿ ಮಂದವಾದ ಮುದುಕರು ಎಲ್ಲರೂ ಮೇಸ್ತ್ರಿಯ ಬಾಯಿಂದಲೇ ಮತ್ತೊಮ್ಮೆ ಕೇಳಿದರು. ಹತ್ತು ಮಂದಿಗೊಬ್ಬ ಎನ್ನುವಲ್ಲಿಗೆ ಬಂದಾಗ ಅವನ ಬೆರಳು ನಿಂತಿತು. ಮಾವ ಹೇಳಿದ್ದೆಲ್ಲ ಇತ್ತು. ದೇವರಿಗೆ ಅಂಜುವವರು ಇತ್ತು, ಸಣ್ಣದು ಅವರೇ ನೋಡಲಿ ಎಂಬುದೂ ಇತ್ತು.

"ಅಳಿಯಂದಿರು ನನ್ನ ಮಾತು ಕೇಳಬ್ಯಾಡ್ರಿ" ಎಂದ ದುರುಗಪ್ಪ ಎಲ್ಲರ ಎದುರಿಗೆ ಬಹಳ ಮರ್ಯಾದೆಯಿಂದ. "ನಿಮ್ಮ ವೇದದ ಮಾತು ಕೇಳ್ರಿ, ಸಾಕು."

ಗಾಳೆಪ್ಪ ಪುಸ್ತಕ ಮುಚ್ಚಲಿಲ್ಲ. "ಮೋಶೆ ಏನಂದ? ಮಾವನ ಮ್ಯಾಲ ಸಿಟ್ಟಿಗೇಳಲಿಲ್ಲೇನು?"

"ಇಲ್ಲ. ಮಾವ ಹೇಳಿದಂಗ ಮಾಡಿದ" ಎಂದ ದಾನಿಯೇಲಪ್ಪ. "ಅಂವ ಭಾಳ ಸಾಧು ಮನುಷ್ಯಾ. ಆದ್ರೂ ಒಂದು ಸಲ ಸಿಟ್ಟು ಬಂತು. ಜನ ನೀರಿಲ್ಲ ಅಂತ ಗೋಳಾಡಿದ್ರು. ದೇವರು, ಆ ಬಂಡೆಗಲ್ಲಿಗೆ ಬರೇ ಮಾತು ಹೇಳು, ನೀರು ಬರ್ತೈತಿ ಅಂದಿದ್ದ. ಮೋಶೆ ಮಂದೀನ ಬಾಯಿಗೆ ಬಂದಂಗ ಬೈದು, ಆ ಕಲ್ಲಿಗೆ ಕೋಲಿಂದ ಎರಡು ಏಟು ಹಾಕಿದ."

"ನೀರು ಬಂತಿಲ್ಲ?"

"ಬಂತು. ಆದ್ರ ಆ ಸಿಟ್ಟಿನ ಸಲುವಾಗಿ ದೇವರು ಅವನ್ನ, ಆ ಮಂದಿಗೆ ಕೊಡ್ತೀನಿ ಅಂದಿದ್ದ ನಾಡಿನೊಳಗ ಕಾಲಿಡಾಕ ಬಿಡಲಿಲ್ಲ. ಗುಡ್ಡದ ಮ್ಯಾಲಿಂದ ನೋಡಿ ಸತ್ತ."

ಗಾಳೆಪ್ಪನಿಗೆ ತನ್ನ ಸಿಟ್ಟು ಮರೆತೇ ಹೋಯಿತು. "ಅಂದ್ರ? ಅಷ್ಟು ವರ್ಷ ಆ ಮಂದೀನ ಸಂಭಾಳಿಸಿ ಕರಕೊಂಡು ಬಂದವಗ, ಎರಡು ಏಟಿಗೆ ಹಿಂಗ? ಇದು ಯಾವ ನ್ಯಾಯರೀ! ದೇವರು ಒಂದಿನ ಬಂದು ಈ ಕಾಲವಿ ಮ್ಯಾಲ ನಿಂದರಲಿ, ಈ ಶಾವಲಿ, ಈ ಸರ್ದಾರಬಿನ್ನ ಸಂಭಾಳಿಸಲಿ, ಆಮ್ಯಾಲ ಮಾತಾಡ್ಲಿ!"

"ಗಾಳೆಪ್ಪ, ನಿನ್ನ ನ್ಯಾಯ ನನಗೂ ತಿಳಿತೈತಿ" ಎಂದ ದಾನಿಯೇಲಪ್ಪ. "ಆದ್ರ ಆ ಮಂದಿ ಮೋಶೆಯ ಮಂದಿ ಅಲ್ಲಪ್ಪ, ದೇವರ ಮಂದಿ. ಕಾಯಾಕ ಕೊಟ್ಟಿದ್ದ. ಯೇಸುಸ್ವಾಮಿನೂ ಅದನ್ನ ಹೇಳಿದ್ದು: ಲೋಕದ ದೊರಿಗಳು ಮಂದಿ ಮ್ಯಾಲ ಏರಿ ಕೂಡ್ತಾರ, ನಿಮ್ಮೊಳಗ ಹಂಗ ಬ್ಯಾಡ, ದೊಡ್ಡವ ಆಗಬೇಕಂದವ ಆಳಾಗಿ ದುಡೀಲಿ."

ಅವತ್ತು ಗಾಳೆಪ್ಪ ಊಟ ಮಾಡಲಿಲ್ಲ. ಮಾವನ ಮೇಲಲ್ಲ, ಉಪದೇಶಿಯ ಮೇಲಲ್ಲ, ಸಿಟ್ಟು ಯಾರ ಮೇಲೆ ಎಂಬುದೇ ಅವನಿಗೆ ಗೊತ್ತಾಗಲಿಲ್ಲ. ಅಂಥ ಸಿಟ್ಟು ಅವನಿಗೆ ಹೊಸದು.

ಸೋಮವಾರ ಅವನು ಗುಂಪನ್ನು ಹತ್ತುಹತ್ತು ಮಾಡಿದ. ಆಡಿದ ಮಾತಿಗೆ ತಪ್ಪುವವನಲ್ಲ, ಅದೊಂದು ಗುಣ. ಅಗೆಯುವವರ ಮೇಲೆ ಶಾವಲಿಯನ್ನು ಇಡು ಎಂದವನು ದುರುಗಪ್ಪ. "ಓಡಿಹೋಗೋನ್ನ ಇಡ್ಲೇನು?" ಎಂದರೆ, "ಹೊರಿ ಹೊತ್ತಾಂವ ಜೋರು ಓಡಂಗಿಲ್ಲ" ಎಂದ. ಬುಟ್ಟಿಯ ಹೆಂಗಸರ ಮೇಲೆ ಸರ್ದಾರಬಿ. ಇನ್ನುಳಿದ ಹತ್ತುಗಳಿಗೆ ಇನ್ನುಳಿದವರು. ಇಟ್ಟಾದ ಮೇಲೆ ಗಾಳೆಪ್ಪ ದಿಬ್ಬ ಹತ್ತಿದ.

ಯಾರೂ ಬರಲಿಲ್ಲ.

ಸಿಂಬಿ ಜಗಳವನ್ನು ಸರ್ದಾರಬಿ ಎರಡು ಮಾತಿಗೆ ಮುಗಿಸಿದಳು. ಸಲಿಕೆಯ ಕಾವನ್ನು ಶಾವಲಿ ತಾನೇ ಕೂರಿಸಿದ. ಗಾಳೆಪ್ಪ ಬಲಕ್ಕೆ ನೋಡಿದ, ಎಡಕ್ಕೆ ನೋಡಿದ. ಒಂದು ಕಾಗೆಯನ್ನು ಬೈದ. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಅವನಿಗೆ ಮೈಯೆಲ್ಲ ಕಡಿತ ಎದ್ದಂತಾಯಿತು. ಕೊನೆಗೆ ತಡೆಯಲಾರದೆ ಇಳಿದು ಬಂದು, ಬಿದ್ದಿದ್ದ ಒಂದು ಬುಟ್ಟಿ ಎತ್ತಿಕೊಂಡು ಸಾಲಿನಲ್ಲಿ ನಿಂತ. ಮೇಸ್ತ್ರಿ ಬುಟ್ಟಿ ಹೊತ್ತದ್ದನ್ನು ಆ ಕಾಲುವೆ ಕಂಡಿರಲಿಲ್ಲ. ಹೆಂಗಸರು ದಾರಿ ಬಿಟ್ಟರು. ಸರ್ದಾರಬಿ ಬಿಡಲಿಲ್ಲ. ಏರಿಯ ಮೇಲೆ ನಿಂತು, ಸೊಂಟಕ್ಕೆ ಕೈ ಕೊಟ್ಟು, ಕಾಲಿನಿಂದ ನೆಲ ದಬದಬ ಒದ್ದು, ಗಾಳೆಪ್ಪನ ಗಂಟಲನ್ನೇ ತೆಗೆದಳು:

"ಯಾಂವಲೇ ಅಂವ, ಅರ್ಧ ಬುಟ್ಟಿ ತರಾಂವ! ಮಣ್ಣು ಹೊರಾಕ ಬಂದೀಯೋ, ಮದುವಿಗೆ ಅಕ್ಕಿಕಾಳು ತಂದೀಯೋ!"

ಮಾತು ಮಾತಿಗೂ ಅದು ಅವನದೇ ಬೈಗುಳ. ಗುದ್ದಲಿಗಳೆಲ್ಲ ನಿಂತವು. ಗಾಳೆಪ್ಪನ ಬಾಯಿ ತೆರೆಯಿತು. ತೆರೆದದ್ದು ಹಾಗೇ ಇದ್ದು, ಮುಚ್ಚಿತು. ಅವನು ಹಿಂದಕ್ಕೆ ಹೋಗಿ ಬುಟ್ಟಿ ತುಂಬಿಸಿಕೊಂಡು ಬಂದ. ಅವತ್ತು ಎಲ್ಲರೂ ನಗುತ್ತ ಕೆಲಸ ಮಾಡಿದರು. ತನ್ನ ಬೈಗುಳ ಕೇಳಲು ಹೇಗಿರುತ್ತದೆಂದು ಅವನಿಗೆ ಮೊದಲ ಸಲ ತಿಳಿಯಿತು.

ಹೀಗೇ ಸಾಗಿದ್ದರೆ ಚೆನ್ನಾಗಿತ್ತು. ಆದರೆ ಅಮಾವಾಸ್ಯೆಯ ಹಿಂದಿನ ದಿನ, ಸಂಜೆಗೆ ಓವರ್‌ಸೀಯರ್ ಅಳತೆಗೆ ಬರುವವನಿದ್ದಾಗ, ಸಾಕ್ಷಿ ದಿಬ್ಬ ಬಿತ್ತು. ಶಾವಲಿಯ ಕಡೆಯವರು ಅದರಿಂದ ಮಾರು ದೂರದಲ್ಲಿ ಅಗೆಯುತ್ತಿದ್ದರು. ದಿಬ್ಬ ಒಮ್ಮೆ ಉಸ್ಸೆಂದು, ನಡುವೆ ಸೀಳಿ, ಧೂಳೆಬ್ಬಿಸಿ ಕುಸಿಯಿತು. ಈಗ ಮೊದಲ ನೆಲ ಎಲ್ಲಿತ್ತು ಎಂದು ಹೇಳಲು ಅಲ್ಲಿ ಏನೂ ಉಳಿಯಲಿಲ್ಲ.

ವಾರವೆಲ್ಲ ಕಟ್ಟಿಟ್ಟದ್ದು ಗಾಳೆಪ್ಪನ ಬಾಯಿಂದ ಒಟ್ಟಿಗೇ ಹೊರಬಿತ್ತು. ಶಾವಲಿಯನ್ನು ಬೈದ, ಶಾವಲಿಯ ಗುದ್ದಲಿಯನ್ನು ಬೈದ, ಹಟ್ಟಿಯನ್ನು, ಹಟ್ಟಿಯ ಚಿನ್ನವನ್ನು, ಶಾವಲಿಗೆ ಹೆಣ್ಣು ಕೊಟ್ಟವರನ್ನು ಬೈದ. ಶಾವಲಿ ಗುದ್ದಲಿಯನ್ನು ಮೆಲ್ಲಗೆ ನೆಲಕ್ಕಿಟ್ಟು, ಏರಿ ಹತ್ತಿ ಹೋಗಿ ಕೂತ. ಅವನ ಹತ್ತು ಮಂದಿಯೂ ಹಿಂದೆ ಹೋದರು.

ಎಲ್ಲ ತಣ್ಣಗಾದ ಮೇಲೆ ಸರ್ದಾರಬಿ ಕುಸಿದ ಮಣ್ಣನ್ನು ಕಾಲಿನಿಂದ ಸರಿಸಿದಳು.

"ಮೇಸ್ತ್ರಿ, ಶಾವಲಿ ಮಾರು ದೂರ ಇದ್ದ. ಇದು ಗುದ್ದಲಿಗೆ ಬಿದ್ದದ್ದಲ್ಲ. ಇದರ ಮ್ಯಾಲ ನಿಂತು ದಿನಾ ಒದ್ದವರು ಯಾರು?"

ಗಾಳೆಪ್ಪ ನೋಡಿದ. ಸೀಳು ಮೇಲಿನಿಂದ ಕೆಳಕ್ಕೆ ಇಳಿದಿತ್ತು. ಮೇಲೆ ಬಿದ್ದಿದ್ದ ಹೆಂಟೆಯ ಮೇಲೆ ಅವನ ಹಿಮ್ಮಡಿ ಬಡಿದೂ ಬಡಿದೂ ಮಾಡಿದ ಎರಡು ಕುಳಿಗಳು ಇನ್ನೂ ಇದ್ದವು.

ದುರುಗಪ್ಪ ಜಾಲಿಯ ಕೆಳಗಿಂದ ಅಷ್ಟೇ ಹೇಳಿದ: "ನಿಮ್ಮ ಮೋಶೆದು ಕಲ್ಲು ಗಟ್ಟಿ ಇತ್ತು, ಅಳಿಯಂದಿರೇ. ನಮ್ಮದು ಮಣ್ಣು."

ಓವರ್‌ಸೀಯರ್ ಬಂದ. ಹ್ಯಾಟು ತೆಗೆದು ಬೀಸಿಕೊಳ್ಳುತ್ತ, ದಿಬ್ಬ ಇರಬೇಕಾದ ಜಾಗ ನೋಡಿ, ಕಣ್ಣು ಕೆಂಪು ಮಾಡಿದ. "ಯಾರ ಕೆಲಸ ಇದು? ಹೆಸರು ಹೇಳು. ಅವನನ್ನ ಈ ಕಾಲುವೆ ಮೇಲೆ ನಾಳೆಯಿಂದ ಕಾಣಬಾರದು!"

ಏರಿಯ ಮೇಲೆ ಶಾವಲಿ ಎದ್ದು ನಿಂತ. ಮೇಸ್ತ್ರಿಯ ಬೆರಳು ತನ್ನ ಕಡೆ ತಿರುಗುವುದನ್ನು ಕಾಯುವವನಂತೆ ನಿಂತ. ಗುಂಪೆಲ್ಲ ಗಾಳೆಪ್ಪನ ಮುಖ ನೋಡಿತು.

"ನನ್ನ ಕೆಲಸ ಸಾಹೇಬ್ರ" ಎಂದ ಗಾಳೆಪ್ಪ.

"ನಿನ್ನ ಗುಂಪಿನ ಕೆಲಸ ಅಂತ ಗೊತ್ತು. ಯಾರು?"

"ಗುಂಪಿಂದಲ್ಲ, ನಂದು. ದಿನಾ ಅದರ ಮ್ಯಾಲ ನಿಂತು ಕುಣಿದೀನಿ. ಸೀಳಿ ಬಿತ್ತು."

ಆಮೇಲೆ ಓವರ್‌ಸೀಯರ್ ಬೈದ ಬೈಗುಳ ಗಾಳೆಪ್ಪನ ಬೈಗುಳಕ್ಕಿಂತ ಉದ್ದವಿತ್ತು. ಉರ್ದುವಿನಲ್ಲಿ ಶುರುವಾಗಿ ಕನ್ನಡಕ್ಕೆ ಬಂದು ಮತ್ತೆ ಉರ್ದುವಿಗೆ ಹೋಯಿತು. ಗಾಳೆಪ್ಪ ಸಮನೆಲದ ಮೇಲೆ, ಎಲ್ಲರಿಗೆ ಕಾಣುವ ಹಾಗೆ, ತಲೆ ಬಾಗಿಸಿ ನಿಂತು ಕೇಳಿದ. ಬಾಯಿ ಬಿಡಲಿಲ್ಲ. ಗುಂಪಿನವರು ಅವನ ಮೌನ ಕೇಳಿದ್ದು ಅದೇ ಮೊದಲು. ಕೊನೆಗೆ ಸಾಹೇಬನಿಗೂ ಸುಸ್ತಾಯಿತು. ಹೋಗಲಿ, ಅತ್ತಿತ್ತಲ ದಿಬ್ಬಗಳಿಗೆ ಹಗ್ಗ ಕಟ್ಟಿ ಅಳೆಯುತ್ತೇನೆ, ಬಿದ್ದ ಮಣ್ಣನ್ನು ನೀನೇ ಎತ್ತಿ ಹಾಕು ಎಂದು ಹೇಳಿ ಹೊರಟ. ಗಾಳೆಪ್ಪ ಬುಟ್ಟಿ ತಂದು ಆ ಮಣ್ಣನ್ನು ಒಬ್ಬನೇ ಹೊರಲು ಹತ್ತಿದ. ಶಾವಲಿ ಏರಿಯಿಂದ ಇಳಿಯಲಿಲ್ಲ, ಎದ್ದು ಹೋಗಲೂ ಇಲ್ಲ. ಕೂತು ನೋಡಿದ, ಅಷ್ಟೇ.

ಅಮಾವಾಸ್ಯೆಯ ಬೆಳಗು. ಗಾಳೆಪ್ಪ ಗುಡಿಸಲ ತಟ್ಟಿ ಸರಿಸಲು ಹೆದರಿ ಒಳಗೇ ಕೂತಿದ್ದ. ಅಮರಮ್ಮ, "ಎದ್ದು ಹೊರಗ ಹೋಗ್ರಿ, ಒಲಿಗೆ ಹೊಗಿ ಹೋಗಾಕ ದಾರಿ ಇಲ್ಲ" ಎಂದಾಗ ಎದ್ದ. ತಟ್ಟಿ ಸರಿಸಿದ.

ಒಂದೇ ಒಂದು ಬುಟ್ಟಿ. ಬಾಗಿಲಿನ ಎದುರಿಗೇ, ಬೋರಲು.

ಅಂಚು ಹರಿದ ಹಳೆಯ ಬುಟ್ಟಿ. ಶಾವಲಿಯದೇ ಇರಬೇಕು. ಗಾಳೆಪ್ಪನ ಹೊಟ್ಟೆಯಿಂದ ಸಿಟ್ಟು ಎದ್ದು ಗಂಟಲಿಗೆ ಬಂತು. ಸಾಹೇಬನ ಮುಂದೆ ನಿಂತು ಬೈಸಿಕೊಂಡದ್ದು ಇವನಿಗಾಗಿ ಅಲ್ಲವೇ! ಆದರೆ ಬುಟ್ಟಿಯನ್ನು ನೋಡುತ್ತ ನಿಂತ ಹಾಗೆ ಆ ಸಿಟ್ಟು ಗಂಟಲಲ್ಲೇ ಕರಗಿತು. ಹೋದರೆ ಹೋಗಲಿ, ಒಳ್ಳೆಯ ಅಗೆತಗಾರ, ಅವನಿಗೆ ಹೆಣ್ಣು ಕೊಟ್ಟವರ ತನಕ ಬೈದವನು ನಾನು. ಪದ್ಧತಿ ಮುರಿದರೂ ಚಿಂತೆಯಿಲ್ಲ, ಬುಟ್ಟಿ ಎತ್ತಿಕೊಂಡು ಅವನ ಗುಡಿಸಲಿಗೆ ಹೋಗಿ, ತಪ್ಪಾಯಿತು ಎಂದು ಹೇಳಿ ಬರುತ್ತೇನೆ. ಹೀಗೆಂದುಕೊಂಡು ಗಾಳೆಪ್ಪ ಬಗ್ಗಿ, ಎರಡೂ ಕೈಯಿಂದ ಬುಟ್ಟಿ ಎತ್ತಿದ.

ಮಾವನ ಕೋಳಿ ಅವನ ಮುಖಕ್ಕೇ ಹಾರಿತು.

"ಅಯ್ಯಯ್ಯೋ, ಅಳಿಯಂದಿರೇ!" ದುರುಗಪ್ಪ ಹಲ್ಲುಜ್ಜುವ ಬೇವಿನ ಕಡ್ಡಿ ಹಿಡಿದು ಓಡಿಬಂದ. "ಬೆಕ್ಕು ಬಂದಿತ್ತಂತ ಮುಚ್ಚಿಟ್ಟಿದ್ದೆ! ಮಧ್ಯಾನದ ಸಾರು ಹೊಂಟತು!"

"ಹಿಡೀರಲೇ!" ಎಂದು ಗಾಳೆಪ್ಪ ಕೂಗಿದ ಕೂಗು ಸಿಂಧನೂರಿಗೆ ಮುಟ್ಟಿತೋ ಏನೋ. ಎಲ್ಲ ಗುಡಿಸಲುಗಳಿಂದ ಜನ ಹೊರಬಿದ್ದರು. ಯಾರ ಬುಟ್ಟಿಯೂ ಬೋರಲಾಗಿರಲಿಲ್ಲ. ಕೋಳಿಯ ಮೇಲೆ ಹಾಕಲು ಎಲ್ಲರೂ ಬುಟ್ಟಿ ಹಿಡಿದು ಓಡುತ್ತಿದ್ದರು. ಕೋಳಿ ಕಾಲುವೆಗೆ ಇಳಿಯಿತು, ಏರಿ ಹತ್ತಿತು, ದಾನಿಯೇಲಪ್ಪ ವಾರವಾರ ಕೂರುವ ಕಲ್ಲಿನ ಮೇಲೆ ಒಂದು ಗಳಿಗೆ ನಿಂತು ಎಲ್ಲರನ್ನೂ ನೋಡಿತು. ಕೊನೆಗೆ ಶಾವಲಿಯ ಗುಡಿಸಲೊಳಗೆ ನುಗ್ಗಿತು. ಒಳಗಿಂದ ಶಾವಲಿ, ತಲೆಯ ಮೇಲೆ ಹುಲ್ಲು, ಕೈಯಲ್ಲಿ ಕೋಳಿ, ಹೊರಗೆ ಬಂದ. ನೇರ ಮೇಸ್ತ್ರಿಯ ಎದುರಿಗೆ ಬಂದು ನಿಂತ.

ಶಾವಲಿಯೇ ಮೊದಲು ಮಾತಾಡಿದ. ಮುಖ ಬಿಗಿ ಇತ್ತು, ಕಣ್ಣು ಮಾತ್ರ ನಗುತ್ತಿತ್ತು.

"ಮೇಸ್ತ್ರಿ, ಇದು ಯಾರ ಹತ್ತು ಮಂದಿಯಾಗ ಬರ್ತೈತಿ?"

"ನನ್ನ ಯಾಕ ಕೇಳ್ತೀಯೋ?" ಎಂದ ಗಾಳೆಪ್ಪ. "ಇಂಥಾ ಸಣ್ಣದಕ್ಕೆಲ್ಲ ಸರ್ದಾರಬಿ ಅದಾಳ." ಆಮೇಲೆ, ಅವನ ಮಟ್ಟಿಗೆ ಬಹಳ ಮೆಲ್ಲಗೆ, ಅಂದರೆ ಮೊದಲ ಮೂರು ಗುಡಿಸಲಿಗೆ ಮಾತ್ರ ಕೇಳುವಷ್ಟು, "ನಿನ್ನೆ ತಪ್ಪಾತು, ಶಾವಲಿ" ಎಂದ.

ಗಾಳೆಪ್ಪ ಸಾಧುವಾದ ಎಂದು ಯಾರೂ ತಿಳಿಯಬಾರದು. ಆಮೇಲೂ ಬೈದ, ಆದರೆ ನೆಲದ ಮೇಲೆ ನಿಂತು ಬೈದ, ಬೈದು ಹೋಗಿ ಬುಟ್ಟಿಗೆ ಕೈ ಹಾಕಿದ. ದಿಬ್ಬಗಳ ಸುತ್ತ ಮುಳ್ಳು ಹಾಕಿಸಿದ. ಶಾವಲಿ ಹಟ್ಟಿಗೆ ಹೋಗುವ ಮಾತನ್ನು ಪ್ರತಿ ಅಮಾವಾಸ್ಯೆಗೂ ಎತ್ತುತ್ತಿದ್ದ, ಹೋಗಲಿಲ್ಲ.

ಕೆಲವು ವರ್ಷದ ಮೇಲೆ ಆ ಭಾಗಕ್ಕೆ ನೀರು ಬಿಟ್ಟ ದಿನ, ಜನ ಏರಿಯ ಎರಡೂ ಬದಿಗೆ ಕೂಡಿದ್ದರು. ಕೆಂಪು ನೀರು, ಮುಂದೆ ಹುಲ್ಲುಕಡ್ಡಿ ನೂಕಿಕೊಂಡು, ನಡೆಯಲು ಕಲಿಯುವ ಕೂಸಿನಂತೆ ತಡವರಿಸುತ್ತ ಬಂತು. ಗುಂಪಿನವರು ಮೇಸ್ತ್ರಿಯನ್ನೇ ಮೊದಲು ಇಳಿ ಎಂದು ನೂಕಿದರು. ಅವನು ಸರ್ದಾರಬಿಯನ್ನು, ಶಾವಲಿಯನ್ನು ಮುಂದೆ ಬಿಟ್ಟು, ತಾನು ಆಮೇಲೆ ಇಳಿದ. ನೀರು ಹಿಮ್ಮಡಿಗೆ ಬಂತು, ಕಣಕಾಲಿಗೆ ಬಂತು. ಗಾಳೆಪ್ಪ ಆಮೇಲೆ ಏರಿಯ ಮೇಲೆ ಸೈಕಲ್ ಹಿಡಿದು ನಿಂತಿದ್ದ ದಾನಿಯೇಲಪ್ಪನ ಕಡೆ ತಿರುಗಿ, ಹಳೆಯ ಗಂಟಲಿನಲ್ಲೇ ಕೂಗಿದ:

"ಉಪದೇಶಿಗಳೇ, ಏನಽ ಹೇಳ್ರಿ! ಮೋಶೆಗೂ ಒಂದೀಟು ಕಾಲು ಇಡಾಕ ಬಿಡಬೇಕಿತ್ತು!"